ಕಿಟಕಿ ಕಡೆಯ ಕೆನ್ನೆ

ಆ ಬಸ್ಸಿನ ಡ್ರೈವರಣ್ಣನ ಬಣ್ಣ ಯಾವುದು ಅನ್ನುವುದರ ಬಗ್ಗೆ ಊರಿನಲ್ಲಿ ಎರಡು ಅಭಿಪ್ರಾಯಗಳಿದ್ದವು. ದಿನವೂ ಅವನ ಬಸ್ಸು ಹತ್ತಿ ಇಳಿಯುವವರು, ಅವನು ಎಣ್ಣೆಗೆಂಪು ಮೈಬಣ್ಣದವನು, ನುಣುಪು ಕೆನ್ನೆಯವನು, ಇನ್ನೂ ಐವತ್ತು ದಾಟಿರಲಿಕ್ಕಿಲ್ಲ ಅನ್ನುತ್ತಿದ್ದರು. ದೊಡ್ಡ ಸರ್ಕಲ್ಲಿನ ನಡುವೆ ನಿಂತು ಕೈಬೀಸುವ ಟ್ರಾಫಿಕ್ ಪೊಲೀಸಪ್ಪನ ಕಣ್ಣಿಗೆ ಅವನು ಕಪ್ಪಗಿನ ಮನುಷ್ಯ, ಮುಖದ ತುಂಬ ಕಲೆ, ಕಣ್ಣಿನ ಮಗ್ಗುಲಲ್ಲಿ ಗೆರೆಯ ಮೇಲೆ ಗೆರೆ, ಇವತ್ತೋ ನಾಳೆಯೋ ನಿವೃತ್ತಿಯಾಗುವವನು. ಒಂದು ಸಲ ಟೀ ಅಂಗಡಿಯ ಮುಂದೆ ಇದೇ ವಿಷಯಕ್ಕೆ ಪೊಲೀಸಪ್ಪನಿಗೂ ಬಸ್ಸಿನ ಕಂಡಕ್ಟರಮ್ಮನಿಗೂ ಮಾತಿಗೆ ಮಾತು ಹತ್ತಿತು. ನಿಮ್ಮ ಬಸ್ಸು ಓಡಿಸುವ ಆ ಮುದುಕಪ್ಪ ಅಂತ ಅವನು ಶುರುಮಾಡಿದ; ಯಾವ ಮುದುಕಪ್ಪ, ನಮ್ಮಣ್ಣನಿಗೆ ಕೆನ್ನೆ ಮೇಲೆ ಒಂದು ಗೆರೆ ಇಲ್ಲ ಅಂತ ಇವಳು ಎಗರಿದಳು. ಕೊನೆಗೆ ಡ್ರೈವರಣ್ಣನೇ ಟೀ ಲೋಟ ಹಿಡಿದು ಬಂದು ಇಬ್ಬರ ನಡುವೆ ನಿಂತಾಗ, ಇಬ್ಬರೂ ತಾವು ಹೇಳಿದ್ದೇ ಸರಿ ಅಂತ ಅವನತ್ತ ಬೆರಳು ತೋರಿಸಿದರು. ಇಬ್ಬರದೂ ಸರಿಯಾಗಿಯೇ ಇತ್ತು.

ವಿಷಯ ಇಷ್ಟೇ. ಸ್ಟಿಯರಿಂಗ್ ಇರುವುದು ಬಸ್ಸಿನ ಬಲಕ್ಕೆ, ಬಾಗಿಲು ಇರುವುದು ಎಡಕ್ಕೆ. ಹತ್ತುವವರಿಗೆ ಕಾಣುವುದು ಡ್ರೈವರಣ್ಣನ ಎಡಗೆನ್ನೆ, ರಸ್ತೆಯಲ್ಲಿ ನಿಂತವರಿಗೆ ಕಾಣುವುದು ಬಲಗೆನ್ನೆ. ದೇವರು ಬಿಸಿಲನ್ನು ಎಲ್ಲರ ತಲೆಯ ಮೇಲೂ ಒಂದೇ ಸಮ ಸುರಿಯುತ್ತಾನೆ. ಇವನಿಗೆ ಮಾತ್ರ, ಕೈಗೆ ಲೈಸೆನ್ಸು ಬಂದ ಕಾಲದಿಂದ, ಒಂದೇ ಕಿಟಕಿಯ ಮೂಲಕ ಕೊಟ್ಟಿದ್ದ. ಹಾಗಾಗಿ ಬಲಗೆನ್ನೆ ಕಪ್ಪೇರಿ, ಅದರ ಮೇಲೆ ಡಿಕಾಕ್ಷನ್ ಸಿಡಿದ ಹಾಗೆ ಚಿಕ್ಕ ದೊಡ್ಡ ಕಲೆಗಳು ಎದ್ದು, ಕಪಾಳದ ಮೇಲೆ ಬಂಗು ಹರಡಿತ್ತು. ಎಡಗೆನ್ನೆ ಮದುವೆಯ ದಿನದ್ದೇ. ನಡುವೆ ಮೂಗು, ಎರಡು ರಾಜ್ಯಗಳ ಗಡಿಕಲ್ಲಿನಂತೆ ನಿಂತಿತ್ತು. ಕಂಡಕ್ಟರಮ್ಮ ಅವನಿಗೆ ಅರ್ಧಚಂದ್ರ ಅಂತ ಹೆಸರಿಟ್ಟಿದ್ದಳು. ಡಿಪೋದಲ್ಲಿ ಅದೇ ನಿಂತಿತು.

ಡ್ರೈವರಣ್ಣ ಇದಕ್ಕೆಲ್ಲ ಬೇಜಾರು ಮಾಡಿಕೊಂಡವನಲ್ಲ. ಅವನು ದೈವಭಕ್ತ. ಬೆಳಿಗ್ಗೆ ಸೀಟಿನಲ್ಲಿ ಕೂತೊಡನೆ ಸ್ಟಿಯರಿಂಗಿನ ಮೇಲೆ ಎರಡು ಕೈಯಿಟ್ಟು, ಕಣ್ಣು ಮುಚ್ಚಿ, ಹತ್ತಿದವರೆಲ್ಲ ಹತ್ತಿದ ಹಾಗೇ ಇಳಿಯಲಿ ತಂದೆ ಅಂತ ಒಂದೇ ಮಾತು ಬೇಡಿಕೊಳ್ಳುತ್ತಿದ್ದ. ತನ್ನ ಮುಖದ ವಿಷಯವನ್ನು ದೇವರ ಮುಂದೆ ಎತ್ತಬೇಕು ಅನ್ನಿಸಿದ್ದೇ ಇಲ್ಲ. ಅನ್ನಿಸಿದ್ದು ಮೊಮ್ಮಗಳು ಬಂದ ಮೇಲೆ.

ಅಳಿಯ ಹಡಗಿನ ಕೆಲಸದವನು, ವರ್ಷದ ಬಹುಪಾಲು ನೀರಿನ ಮೇಲೆ. ಮಗಳಿಗೆ ಹೊಸ ಕೆಲಸ ಸಿಕ್ಕಿ, ತಿಂಗಳ ಕೊನೆಯವರೆಗೆ ಬೇರೆ ಕಡೆ ತರಬೇತಿ ಅಂತಾಯಿತು. ಮಗುವನ್ನು ಅಲ್ಲಿಯವರೆಗೆ ನೀವೇ ನೋಡಿಕೊಳ್ಳಿ ಅಂದಳು. ಸಂತೋಷಕ್ಕೆ ಡ್ರೈವರಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಗು ಹುಟ್ಟಿದಾಗ ಒಂದು ಸಲ ಎತ್ತಿಕೊಂಡದ್ದು ಬಿಟ್ಟರೆ, ಆಮೇಲೆ ನೋಡಿದ್ದೆಲ್ಲ ಫೋನಿನಲ್ಲಿ. ಫೋನು ಹಿಡಿಯುತ್ತಿದ್ದವಳು ಹೆಂಡತಿ. ಇವನು ಅವಳ ಎಡಭುಜದ ಹಿಂದೆ ನಿಂತು, ಬಲಗೆನ್ನೆಯನ್ನು ಅವಳ ತಲೆಗೆ ಒತ್ತಿಕೊಂಡು ಇಣುಕುತ್ತಿದ್ದ. ಪರದೆಯಲ್ಲಿ ಅಜ್ಜಿ ಪೂರ್ತಿ, ತಾತ ಅರ್ಧ. ಆ ಅರ್ಧ ತಾತನಿಗೆ ಮಗು ಫೋನಿನ ಮೇಲೆಯೇ ಜೊಲ್ಲು ಸುರಿಸಿ ಮುತ್ತು ಕೊಡುತ್ತಿದ್ದಳು.

ಮಗಳು ಮಗುವನ್ನು ಬಾಗಿಲಲ್ಲಿ ಇಳಿಸಿದಾಗ ಡ್ರೈವರಣ್ಣ ಪಕ್ಕಕ್ಕೆ ತಿರುಗಿ ಶೂ ಕಳಚುತ್ತಿದ್ದ. ಮಗುವಿಗೆ ಎಡಗೆನ್ನೆ ಕಂಡಿತು. ತಾತ ಅಂತ ಓಡಿಬಂದು ಕತ್ತಿಗೆ ಜೋತುಬಿದ್ದಳು. ಅವನು ಎತ್ತಿಕೊಂಡು, ಮುದ್ದು ಮಾಡಿ, ಪೂರ್ತಿ ಮುಖ ತಿರುಗಿಸಿ ನಕ್ಕ. ಮಗು ನಗಲಿಲ್ಲ. ಮೊದಲು ಅವಳ ಕಣ್ಣು ದೊಡ್ಡದಾಯಿತು, ಆಮೇಲೆ ತುಟಿ ವಾಲಿತು. ಅವನ ಭುಜದ ಮೇಲಿಂದ ಬಗ್ಗಿ, ಹಿಂದೆ ಯಾರಾದರೂ ಇದ್ದಾರೋ ಅಂತ ನೋಡಿದಳು.

"ತಾತ ಎಲ್ಲಿ?" ಅಂದಳು.

"ನಾನೇ ಕಣಮ್ಮಾ ತಾತ."

"ನೀನಲ್ಲ. ಆ ತಾತ."

ಆಮೇಲೆ ಎತ್ತಿದ ರಾಗ ಓಣಿಯ ತುದಿಗೂ ಕೇಳಿಸಿತು. ಅವಳನ್ನು ಕೆಳಗಿಳಿಸಬೇಕಾಯಿತು. ಕೆಳಗಿಳಿದವಳು ಅಜ್ಜಿಯ ಹಿಂದೆ ಬಚ್ಚಿಟ್ಟುಕೊಂಡು, ಗುಮ್ಮ ಅಂತ ಪಿಸುಗುಟ್ಟಿದಳು.

ಆ ಮನೆಯಲ್ಲಿ ಮೂವರಿದ್ದರೂ, ಮಗುವಿನ ಪ್ರಕಾರ ನಾಲ್ವರು. ಅವಳು, ಅಜ್ಜಿ, ತಾತ, ಗುಮ್ಮ. ತಾತ ಒಳ್ಳೆಯವನು, ಆದರೆ ಇದ್ದಕ್ಕಿದ್ದಂತೆ ಎಲ್ಲಿಗೋ ಹೋಗಿಬಿಡುತ್ತಾನೆ. ಅವನು ಹೋದ ತಕ್ಷಣ ಗುಮ್ಮ ಬಂದು ಅವನ ಅಂಗಿಯನ್ನೇ ಹಾಕಿಕೊಂಡು ಕೂತಿರುತ್ತಾನೆ. ಡ್ರೈವರಣ್ಣ ಮನೆಯೊಳಗೆ ಏಡಿಯಂತೆ ನಡೆಯಲು ಕಲಿತ. ಅಡುಗೆಮನೆಗೆ ಹೋಗುವಾಗ ಎಡಗೆನ್ನೆಯನ್ನು ಮಗುವಿನ ಕಡೆಗಿಟ್ಟುಕೊಂಡು ಹೋಗಿ, ಬರುವಾಗ ಹಿಮ್ಮುಖವಾಗಿ ಬರುತ್ತಿದ್ದ. ಹೇಗೂ ರಿವರ್ಸ್ ತೆಗೆಯುವುದು ಅಭ್ಯಾಸವಿತ್ತು. ಊಟದ ಮೇಜಿನ ಬಳಿ ತನ್ನ ಕುರ್ಚಿಯನ್ನು ಗೋಡೆಯ ಮೂಲೆಗೆ ಎಳೆದುಕೊಂಡ. ಮಗು ಸಂಜೆಯ ಬಿಸ್ಕತ್ತಿನಲ್ಲಿ ಅರ್ಧ ಮುರಿದು, ಇದು ಆ ತಾತನಿಗೆ, ಗುಮ್ಮ ತಿನ್ನಬಾರದು ಅಂತ ಖಾಲಿ ಕುರ್ಚಿಯ ಮೇಲೆ ಇಡುತ್ತಿದ್ದಳು. ಅದನ್ನು ತೆಗೆದುಕೊಳ್ಳಲು ಡ್ರೈವರಣ್ಣ ಮೇಜನ್ನು ಪೂರ್ತಿ ಸುತ್ತುಹಾಕಿ ಎಡಗೆನ್ನೆ ಮುಂದಿಟ್ಟುಕೊಂಡು ಬರಬೇಕಾಗಿತ್ತು. ಇದನ್ನು ನೋಡಿ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು. ಅವನಿಗೆ ಮಾತ್ರ ನಗು ಬರುತ್ತಿರಲಿಲ್ಲ. ಮಗು ಹತ್ತಿರ ಬರುತ್ತಿದ್ದಳು, ತೊಡೆಯ ಮೇಲೆ ಮಾತ್ರ ಕೂರುತ್ತಿರಲಿಲ್ಲ. ಯಾವಾಗ ತಿರುಗಿಬಿಡುತ್ತಾನೋ ಅನ್ನುವ ಭಯ. ತಿಂಗಳು ಮುಗಿದರೆ ಮಗಳು ಬಂದು ಕರೆದುಕೊಂಡು ಹೋಗುತ್ತಾಳೆ. ಆಮೇಲೆ ಆ ಮಗುವಿನ ನೆನಪಿನಲ್ಲಿ ಈ ಮನೆಯಲ್ಲೊಬ್ಬ ಗುಮ್ಮ ಉಳಿದುಬಿಡುತ್ತಾನೆ. ಅಷ್ಟರೊಳಗೆ ಒಂದು ಸಲ, ಒಂದೇ ಒಂದು ಸಲ ಅವಳು ತಾನಾಗಿ ಬಂದು ತೊಡೆ ಏರಬೇಕು ಅನ್ನುವುದಷ್ಟೇ ಅವನ ಆಸೆ.

ಬಸ್ಸಿನಲ್ಲಿ ಈ ಸುದ್ದಿ ಕಂಡಕ್ಟರಮ್ಮನಿಗೆ ಗೊತ್ತಾಯಿತು ಅಂದರೆ ಆ ರೂಟಿಗೆಲ್ಲ ಗೊತ್ತಾದ ಹಾಗೆ. ಟಿಕೆಟ್ ಹರಿಯುತ್ತಾ ಹರಿಯುತ್ತಾ ಅವಳು ಪ್ರಯಾಣಿಕರ ಅಭಿಪ್ರಾಯ ಸಂಗ್ರಹಿಸಿದಳು. ಒಬ್ಬರು ನಿಂಬೆಹಣ್ಣು ಉಜ್ಜಲು ಹೇಳಿದರು. ಅವನು ಉಜ್ಜಿಕೊಂಡು ಬಿಸಿಲಿಗೆ ಗಾಡಿ ತೆಗೆದ. ಮಧ್ಯಾಹ್ನದ ಹೊತ್ತಿಗೆ ಕೆನ್ನೆ ಚುರುಚುರು ಅಂದು, ಸ್ಟಾಪು ಬಂದರೂ ಕಣ್ಣಲ್ಲಿ ನೀರು. ಇನ್ನೊಬ್ಬರು ಆಲೂಗಡ್ಡೆ ಬಿಲ್ಲೆ ಅಂಟಿಸಿಕೊಳ್ಳಲು ಹೇಳಿದರು. ಅದು ತಿರುವಿನಲ್ಲಿ ಜಾರಿ ಗೇರಿನ ಮೇಲೆ ಬಿತ್ತು. ಹಿಂದಿನ ಸೀಟಿನ ಅಜ್ಜಿಯೊಬ್ಬರು, ಡ್ರೈವರಪ್ಪಾ ನಿನ್ನ ಪಲ್ಯ ಬಿತ್ತು ನೋಡು ಅಂದರಂತೆ. ಮತ್ತೊಬ್ಬಳು ಚೀಲದಿಂದ ಹೆಸರಿಲ್ಲದ ಒಂದು ಡಬ್ಬಿ ತೆಗೆದು, ಇದನ್ನು ಹಚ್ಚಿದರೆ ವಾರದಲ್ಲಿ ಮುಖ ಹಾಲಿನ ಹಾಗೆ ಆಗುತ್ತದೆ ಅಂದಳು. ಕಂಡಕ್ಟರಮ್ಮ ಅದನ್ನು ಮಾತ್ರ ಅಲ್ಲೇ ವಾಪಸು ಕೊಡಿಸಿದಳು. ತನ್ನ ನಾದಿನಿ ಅಂಥದ್ದೇ ಹಚ್ಚಿಕೊಂಡು, ಮುಖವೆಲ್ಲ ಗುಳ್ಳೆ ಎದ್ದು, ಕನ್ನಡಿ ನೋಡುವುದನ್ನೇ ಬಿಟ್ಟಿದ್ದಳು. ಸುಮ್ಮನೆ ಚರ್ಮದ ಡಾಕ್ಟರ ಹತ್ತಿರ ಹೋಗಣ್ಣಾ ಅಂದಳು.

ಚರ್ಮದ ಡಾಕ್ಟರಮ್ಮ ಇವನು ಬಾಗಿಲು ತಳ್ಳಿಕೊಂಡು ಒಳಗೆ ಬಂದದ್ದನ್ನು ನೋಡಿಯೇ ಕೇಳಿದಳು.

"ಬಸ್ಸಾ, ಲಾರೀನಾ?"

ದೀಪವಿರುವ ಚಿಕ್ಕ ಭೂತಗನ್ನಡಿ ಹಿಡಿದು ಒಂದೊಂದೇ ಕಲೆಯನ್ನು ನೋಡಿದಳು. ಕೆಟ್ಟದ್ದು ಯಾವುದೂ ಇಲ್ಲ, ಆದರೆ ಯಾವುದಾದರೂ ಮಚ್ಚೆ ಬೆಳೆದರೆ, ಬಣ್ಣ ಬದಲಾದರೆ, ರಕ್ತ ಬಂದರೆ ತಕ್ಷಣ ಬರಬೇಕು ಅಂದಳು. ಕಿಟಕಿಯ ಗಾಜು ಹಾಕಿಯೇ ಇರುತ್ತೇನಲ್ಲ ತಾಯಿ ಅಂತ ಅವನು ಹೇಳಿದ್ದಕ್ಕೆ, ಗಾಜು ಸುಡುವ ಬಿಸಿಲನ್ನು ಬಹಳ ಮಟ್ಟಿಗೆ ತಡೆಯುತ್ತದೆ, ಬಣ್ಣ ಕೆಡಿಸುವ ಕಿರಣಕ್ಕೆ ಬಾಗಿಲು ತೆರೆದೇ ಇಟ್ಟಿರುತ್ತದೆ ಅಂತ ವಿವರಿಸಿದಳು. ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ಬಿಸಿಲು ತಡೆಯುವ ಕ್ರೀಮು, ಮಧ್ಯಾಹ್ನ ಮತ್ತೊಮ್ಮೆ, ಪೂರ್ತಿ ಮುಖಕ್ಕೆ, ಕತ್ತಿಗೆ, ಕಿವಿಗೆ. ಮಲಗುವಾಗ ಕಲೆಗೆ ಮಾತ್ರ ಇನ್ನೊಂದು ಮುಲಾಮು, ತೆಳ್ಳಗೆ. ಉಜ್ಜಬಾರದು, ಕೆರೆಯಬಾರದು, ನಿಂಬೆಹಣ್ಣನ್ನು ಅನ್ನಕ್ಕೆ ಹಿಂಡಿಕೊಳ್ಳಬೇಕು.

ತಿಂಗಳ ಕೊನೆಯೊಳಗೆ ಸರಿಹೋಗುತ್ತದೆಯೇ ಅಂತ ಅವನು ಕೇಳಿದ.

"ಯಾವ ತಿಂಗಳು?" ಅಂದಳು ಡಾಕ್ಟರಮ್ಮ. ಅವನ ಮುಖ ನೋಡಿ ದನಿ ತಗ್ಗಿಸಿ, ಇಷ್ಟು ವರ್ಷ ಕೂತು ಮಾಡಿಕೊಂಡದ್ದು ಇಷ್ಟು ಬೇಗ ಎದ್ದು ಹೋಗುವುದಿಲ್ಲ, ಮೊದಲು ಇನ್ನಷ್ಟು ಕಪ್ಪಾಗುವುದು ನಿಲ್ಲಬೇಕು, ಆಮೇಲೆ ತಿಂಗಳುಗಟ್ಟಲೆ ತಾಳ್ಮೆ ಬೇಕು, ಪೂರ್ತಿ ಹೋಗದೆಯೂ ಇರಬಹುದು ಅಂದಳು.

ಮನೆಗೆ ಬಂದು ಪೆಚ್ಚುಮೋರೆ ಹಾಕಿಕೊಂಡು ಕೂತವನಿಗೆ ಹೆಂಡತಿ ನೀರು ಕೊಟ್ಟಳು. ಕಪ್ಪು ಅಂದರೆ ಮಗುವಿಗೆ ಹೆದರಿಕೆ, ಏನು ಮಾಡೋದು ಹೇಳು ಅಂತ ಅವನು ಅಂದದ್ದೇ ತಡ, ಅವಳು ತನ್ನ ಮುಂಗೈಯನ್ನು ಅವನ ಬಲಗೆನ್ನೆಯ ಪಕ್ಕಕ್ಕೆ ಹಿಡಿದಳು.

"ನೋಡ್ರೀ ಸರಿಯಾಗಿ. ನಾನು ನಿಮ್ಮ ಕಪ್ಪು ಕೆನ್ನೆಗಿಂತ ಕಪ್ಪು. ಮಗು ನನ್ನ ಹೆಗಲ ಮೇಲೆ ಗೊರಕೆ ಹೊಡೀತಾಳೆ. ಅವಳಿಗೆ ಹೆದರಿಕೆ ಕಪ್ಪಿಗಲ್ಲ, ಒಬ್ಬರಲ್ಲಿ ಇಬ್ಬರು ಇದೀರಲ್ಲ, ಅದಕ್ಕೆ."

ಈ ಮಾತು ಡ್ರೈವರಣ್ಣನ ತಲೆಯಲ್ಲಿ ಕೂತಿತು. ಹೌದಲ್ಲ. ಬೆಳ್ಳಗಾಗಬೇಕು ಅಂತ ಯಾರು ಹೇಳಿದರು? ಒಂದೇ ಆದರೆ ಸಾಕು. ಹೆಂಡತಿ ಅದನ್ನು ಸಮಾಧಾನಕ್ಕೆ ಹೇಳಿದ್ದಳು. ಅವನು ಅದನ್ನು ದಾರಿ ತೋರಿಸಿದ ಬೋರ್ಡು ಅಂತ ತಿಳಿದುಕೊಂಡ.

ಮರುದಿನ ಡಿಪೋದಲ್ಲಿ ಮೆಕ್ಯಾನಿಕ್ ಅವನ ಬಸ್ಸಿನ ಮುಂದಿನ ಚಕ್ರ ಬಿಚ್ಚಿ ಕೂತಿದ್ದ. ಬಲಗಡೆಯ ಟೈರು ಒಂದು ಅಂಚಿನಲ್ಲಿ ಸವೆದು ನುಣ್ಣಗಾಗಿತ್ತು. ಒಂದೇ ಕಡೆ ಸವೆಯುತ್ತಾ ಹೋದರೆ ಗಾಡಿ ಎಳೆಯುತ್ತದೆ, ಎಡದ್ದು ಬಲಕ್ಕೆ ಬಲದ್ದು ಎಡಕ್ಕೆ ಹಾಕಿಬಿಟ್ಟರೆ ಅದೂ ಇದೂ ಸಮವಾಗಿ ಸವೆದು ಗಾಡಿ ನೆಟ್ಟಗಾಗುತ್ತದೆ ಅಂತ ಅವನು ಎಂದಿನಂತೆ ಪಾಠ ಹೇಳಿದ. ಡ್ರೈವರಣ್ಣ ಇಷ್ಟು ವರ್ಷ ಆ ಪಾಠವನ್ನು ಎಷ್ಟು ಸಲ ಕೇಳಿದ್ದನೋ. ಇವತ್ತು ಮಾತ್ರ ದೇವರೇ ಸ್ಪ್ಯಾನರು ಹಿಡಿದು ಕೂತು ತನಗಾಗಿ ಹೇಳಿದ ಹಾಗೆ ಕೇಳಿಸಿತು.

"ಅದಲು ಬದಲು ಮಾಡೋಕೆ ಆಗದೇ ಇದ್ರೆ?" ಅಂತ ಕೇಳಿದ.

"ಆಗದೇ ಇದ್ರೆ ಚೆನ್ನಾಗಿರೋದನ್ನೂ ಬೇಗ ಬೇಗ ಸವೆಸಿಬಿಡು," ಅಂದ ಮೆಕ್ಯಾನಿಕ್, ತಮಾಷೆಗೆ, ತಲೆ ಎತ್ತದೆ.

ಅಂದಿನಿಂದ ಶುರುವಾಯಿತು ಡ್ರೈವರಣ್ಣನ ಸ್ವಂತ ಚಿಕಿತ್ಸೆ. ಡಾಕ್ಟರಮ್ಮ ಪೂರ್ತಿ ಮುಖಕ್ಕೆ ಅಂದ ಕ್ರೀಮನ್ನು ಬಲಗೆನ್ನೆಗೆ ಮಾತ್ರ ಬಳಿದುಕೊಂಡ. ಕೊನೆಯ ನಿಲ್ದಾಣದಲ್ಲಿ ಬಸ್ಸು ನಿಂತಾಗ ಎಲ್ಲ ಡ್ರೈವರುಗಳೂ ಮರದ ನೆರಳಿಗೆ ಓಡಿದರೆ, ಇವನು ನಡುಬಿಸಿಲಿನ ಕಲ್ಲುಬೆಂಚಿನ ಮೇಲೆ ಪಕ್ಕಕ್ಕೆ ತಿರುಗಿ, ಬಲಗೆನ್ನೆಗೆ ಟವೆಲು ಮುಚ್ಚಿ, ಎಡಗೆನ್ನೆಯನ್ನು ಆಕಾಶಕ್ಕೆ ಒಪ್ಪಿಸಿ ಕೂತುಬಿಡುತ್ತಿದ್ದ. ಕಂಡಕ್ಟರಮ್ಮ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಅಣ್ಣಾ ನಿನ್ನನ್ನು ನಾಣ್ಯದ ಮೇಲೆ ಅಚ್ಚು ಹಾಕಿಸ್ತಾರಾ ಅಂದಳು. ಅವನು ವಿಷಯ ಬಿಚ್ಚಿ ಹೇಳಿದ. ಡಾಕ್ಟರಮ್ಮನಿಗೆ ಹೇಳಿದ್ದೀಯಾ ಅಂತ ಅವಳು ಕೇಳಿದಳು. ಹೇಳೋಕೇನಿದೆ, ಅವರದು ಔಷಧಿ, ನನ್ನದು ಗಾಡಿ ಲೆಕ್ಕ ಅಂದ. ಅವಳು ಹಣೆ ಚಚ್ಚಿಕೊಂಡು ಸೀಟಿ ಊದಿದಳು.

ನಿಲ್ದಾಣದ ಚೂರುಪಾರು ಬಿಸಿಲಿಗೆ ಎಡಗೆನ್ನೆ ಜಪ್ಪಯ್ಯ ಅನ್ನಲಿಲ್ಲ. ತಿಂಗಳು ಮಾತ್ರ ಅರ್ಧ ದಾಟಿತ್ತು. ರಜೆಯ ದಿನ ಅವನು ಗಟ್ಟಿ ಮನಸ್ಸು ಮಾಡಿದ. ಹೆಂಡತಿ ಮಗುವಿಗೆ ಸ್ನಾನ ಮಾಡಿಸುತ್ತಿದ್ದಾಗ ಅಡುಗೆಮನೆಯಿಂದ ಒಂದು ಬಟ್ಟಲು ಎಣ್ಣೆ ಎತ್ತಿಕೊಂಡು ತಾರಸಿ ಹತ್ತಿದ. ಕಬ್ಬಿಣದ ಕುರ್ಚಿ ಹಾಕಿಕೊಂಡು, ಎಡಗೆನ್ನೆಗೆ ಎಣ್ಣೆ ಸವರಿ, ಬಲಗೆನ್ನೆಗೆ ಟವೆಲು ಸುತ್ತಿ, ಸೂರ್ಯನಿಗೆ ಅಡ್ಡಲಾಗಿ ಕೂತ. ಕೂತವನು ಕೈಮುಗಿದು, ಮೊದಲ ಬಾರಿಗೆ ತನ್ನ ಮುಖದ ವಿಷಯವನ್ನು ದೇವರ ಮುಂದೆ ಎತ್ತಿದ. ಚಂದ ಬೇಡ ತಂದೆ, ಬಣ್ಣ ಬೇಡ, ಆ ಕೂಸಿನ ಮುಂದೆ ನನ್ನನ್ನು ಒಬ್ಬನನ್ನಾಗಿ ಮಾಡು ಅಂದ. ಪ್ರಾರ್ಥನೆ ಉದ್ದವಾಯಿತು. ಬಿಸಿಲು ಹದವಾಗಿತ್ತು. ಬೆಳಗಿನ ಜಾವ ಏಳುವ ಕೆಲಸದವನಿಗೆ ರಜೆಯ ದಿನ ಕಣ್ಣು ಮುಚ್ಚಿದರೆ ಏನಾಗುತ್ತದೋ ಅದೇ ಆಯಿತು.

ಊಟಕ್ಕೆ ಕರೆಯಲು ಹೆಂಡತಿ ತಾರಸಿಗೆ ಬಂದಾಗ ಅವನು ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದ. ಎಡಗೆನ್ನೆ ಟೊಮೆಟೊ ಹಣ್ಣಿನಂತೆ ಕೆಂಪಾಗಿ ಊದಿಕೊಂಡು, ಕಣ್ಣಿನ ಕೆಳಗೆ ನೀರುಗುಳ್ಳೆ ಎದ್ದಿತ್ತು. ಪಕ್ಕದಲ್ಲಿದ್ದ ಎಣ್ಣೆ ಬಟ್ಟಲು ನೋಡಿ ಅವಳಿಗೆ ಎಲ್ಲ ಅರ್ಥವಾಯಿತು. ಅಳಬೇಕೋ ನಗಬೇಕೋ ತಿಳಿಯದೆ, ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಈ ಕಡೆ ಬೆಂದಿದೆ ಕಣ್ರೀ. ತಿರುವಿ ಹಾಕ್ಲಾ?"

ಅವನು ಎಚ್ಚರಾಗಿ ಕೆನ್ನೆ ಮುಟ್ಟಿಕೊಂಡು ಅಯ್ಯೋ ಅಂದ. ಆಮೇಲೆ ಅವಳು ನಗಲಿಲ್ಲ. ತಣ್ಣೀರಿನ ಬಟ್ಟೆ ಹಾಕಿ, ಪಕ್ಕದ ಮನೆಯವರ ಹತ್ತಿರ ಮಗುವನ್ನು ಬಿಟ್ಟು, ಅವನನ್ನು ಕೈ ಹಿಡಿದು ಡಾಕ್ಟರಮ್ಮನ ಬಳಿ ಕರೆದುಕೊಂಡು ಹೋದಳು. ಡಾಕ್ಟರಮ್ಮ ಟೈರಿನ ಕಥೆಯನ್ನು ಪೂರ್ತಿ ಕೇಳಿದಳು. ಕೇಳುತ್ತಾ ಕೇಳುತ್ತಾ ಮೇಜಿನ ಕೆಳಗೆ ಪೆನ್ನು ಬಿದ್ದಿದೆ ಅಂತ ಬಗ್ಗಿದವಳು, ಪೆನ್ನು ಹುಡುಕಲು ಸುಮಾರು ಹೊತ್ತು ತೆಗೆದುಕೊಂಡಳು. ಎದ್ದ ಮೇಲೆ ಮುಖ ಗಂಭೀರವಾಗಿತ್ತು. ಟೈರಿಗೆ ಸುಟ್ಟರೆ ನೋವಾಗುವುದಿಲ್ಲ, ಚರ್ಮಕ್ಕಾಗುತ್ತದೆ. ಗುಳ್ಳೆ ಒಡೆಯಬಾರದು, ಈ ತಂಪು ಮುಲಾಮು ಹಚ್ಚಬೇಕು, ವಾಸಿಯಾಗುವ ತನಕ ಬಿಸಿಲಿಗೆ ಬರಬಾರದು, ಕೆಲಸಕ್ಕೆ ರಜೆ ಹಾಕಬೇಕು. ಇದು ವಾಸಿಯಾದರೂ ಇಲ್ಲೊಂದು ಕಲೆ ಉಳಿದೀತು, ಅದೂ ಬಲಗಡೆಯ ಹಾಗೆ ಇರುತ್ತದೆ ಅಂತೇನಿಲ್ಲ ಅಂದಳು. ಈಗ ಎರಡು ಕೆನ್ನೆಗೂ ಬೇರೆ ಬೇರೆ ಚಿಕಿತ್ಸೆ ಅಂತ ಚೀಟಿ ಬರೆದಳು.

ಮನೆ ಹತ್ತಿರ ಬಂದಾಗ ಡ್ರೈವರಣ್ಣ ನಿಂತ.

"ಆ ಮಗು ಒಂದು ಕೆನ್ನೆನಾದ್ರೂ ತಾತ ಅಂತಿತ್ತು. ಅದನ್ನೂ ಸುಟ್ಕೊಂಡೆ ಕಣೇ," ಅಂದ.

ಅವಳು ಅವನ ಅಂಗಿಯ ತೋಳು ಹಿಡಿದುಕೊಂಡೇ ಒಳಗೆ ಕರೆದುಕೊಂಡು ಹೋದಳು.

ಎರಡು ಗುಮ್ಮಗಳಿರುವ ಮುಖವನ್ನು ಮಗುವಿಗೆ ತೋರಿಸುವುದು ಹೇಗೆ? ಪಕ್ಕದ ಮನೆಯಿಂದ ಮಗುವನ್ನು ಕರೆತರುವಷ್ಟರಲ್ಲಿ ಅವನು ಮಲಗುವ ಕೋಣೆಗೆ ಹೋಗಿ, ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು, ಗೋಡೆಗೆ ಮುಖ ಮಾಡಿ ಕೂತುಬಿಟ್ಟ. ಎಡ ತಿರುಗಿದರೆ ಅದು, ಬಲ ತಿರುಗಿದರೆ ಇದು; ಗೋಡೆಯೊಂದೇ ಅವನ ಪಾಲಿಗೆ ನೆಮ್ಮದಿ. ಎರಡು ಅಂಗೈಯಲ್ಲಿ ಮುಖ ಮುಚ್ಚಿಕೊಂಡರೆ ಉರಿ ಜಾಸ್ತಿಯಾಗುತ್ತಿತ್ತು. ಹಾಗಾಗಿ ಕಣ್ಣನ್ನಷ್ಟೇ ಮುಚ್ಚಿಕೊಂಡ.

ಮಗು ಬಂದಳು. ಬಾಗಿಲಲ್ಲಿ ನಿಂತು ನೋಡಿದಳು. ಗೋಡೆಗೆ ಮುಖ ಮಾಡಿ, ಅಲುಗಾಡದೆ ಕೂತ ಮನುಷ್ಯ. ಇದಕ್ಕೆ ಅವಳಿಗೆ ಗೊತ್ತಿದ್ದ ಅರ್ಥ ಒಂದೇ, ಕಣ್ಣಾಮುಚ್ಚಾಲೆ. ಆ ತಾತನೋ ಗುಮ್ಮನೋ ಅನ್ನುವ ಯೋಚನೆ ಬರುವ ಮೊದಲೇ ಅವಳು ಕಿಲಕಿಲ ನಕ್ಕು ಓಡಿಹೋಗಿ ಮಂಚದ ಕೆಳಗೆ ಸೇರಿಕೊಂಡಳು. ಕಾದಳು. ಯಾರೂ ಹುಡುಕಲು ಬರಲಿಲ್ಲ. ಒಂದು ಸಲ ಕೂ ಅಂದಳು. ಮತ್ತೂ ಬರಲಿಲ್ಲ. ಕಣ್ಣಾಮುಚ್ಚಾಲೆಯಲ್ಲಿ ಹುಡುಕದೇ ಇರುವುದು ಎಂಥ ಅನ್ಯಾಯ ಅನ್ನುವುದು ಆ ವಯಸ್ಸಿನವರಿಗೇ ಗೊತ್ತು. ಅವಳು ದೂಳು ಹಿಡಿದ ಮೊಣಕಾಲಲ್ಲೇ ತೆವಳಿಕೊಂಡು ಹೊರಗೆ ಬಂದು, ಜಗಳ ಮಾಡಲು ನೇರ ಮೂಲೆಗೆ ನಡೆದಳು. ಗೋಡೆಗೂ ಅವನ ಮೊಣಕಾಲಿಗೂ ನಡುವೆ ಇದ್ದ ಸಂದಿಯಲ್ಲಿ ನುಸುಳಿ ನಿಂತಳು.

ಡ್ರೈವರಣ್ಣ ಕಣ್ಣು ತೆರೆದಾಗ ಅವಳ ಮುಖ ಅವನ ಮುಖದ ಕೆಳಗೇ ಇತ್ತು. ತಿರುಗಲು ಜಾಗವಿರಲಿಲ್ಲ. ಎದ್ದರೆ ಮಗುವಿಗೆ ತಾಗುತ್ತದೆ. ಅವನು ಉಸಿರು ಬಿಗಿಹಿಡಿದು, ಎತ್ತುವ ರಾಗಕ್ಕೆ ಕಾಯುತ್ತಾ ಕೂತ.

ಮಗು ಎಡಗೆನ್ನೆಯನ್ನು ನೋಡಿದಳು. ಕೆಂಪು, ಗುಳ್ಳೆ, ಹೊಳೆಯುವ ಮುಲಾಮು. ಜಗಳ ಮರೆತುಹೋಯಿತು.

"ಅಬ್ಬು?" ಅಂತ ಕೇಳಿದಳು.

"ಹೂಂ. ಅಬ್ಬು."

ತುಟಿ ಮುಂದೆ ಮಾಡಿ ಊದಿದಳು. ಗಾಳಿಗಿಂತ ಉಗುಳೇ ಜಾಸ್ತಿ ಬಂತು. ಅದು ಸುಟ್ಟ ಕೆನ್ನೆಗೆ ತಣ್ಣಗೆ ತಾಗಿ ಅವನ ಕಣ್ಣು ತಾನೇ ಮುಚ್ಚಿತು. ಊದಿದ್ದು ಸಾಲದು ಅನ್ನಿಸಿತೋ ಏನೋ, ಅವನ ಗದ್ದವನ್ನು ಎರಡು ಕೈಯಲ್ಲಿ ಹಿಡಿದು, ಅಂಗಡಿಯಲ್ಲಿ ಹಣ್ಣು ತಿರುಗಿಸಿ ನೋಡುವವರ ಹಾಗೆ, ಮುಖವನ್ನು ಆ ಕಡೆಗೆ ತಿರುಗಿಸಿದಳು. ಅವನು ಒಂದು ಕ್ಷಣ ಕತ್ತು ಬಿಗಿ ಮಾಡಿದ. ಆಮೇಲೆ ಬಿಟ್ಟುಕೊಟ್ಟ.

ಬಲಗೆನ್ನೆಯನ್ನು ಅವಳು ಬಹಳ ಹೊತ್ತು ನೋಡಿದಳು. ಇಷ್ಟು ಹತ್ತಿರದಿಂದ ಅದನ್ನು ನೋಡಿರಲಿಲ್ಲ. ಒಂದು ದೊಡ್ಡ ಕಲೆಯ ಮೇಲೆ ತೋರುಬೆರಳಿಟ್ಟಳು. ಇನ್ನೊಂದರ ಮೇಲಿಟ್ಟಳು. ಬಾಗಿಲಲ್ಲಿ ಬಂದು ನಿಂತ ಹೆಂಡತಿ ಅಲ್ಲೇ ನಿಂತಳು.

"ಇದೂ ಅಬ್ಬು?"

ಕಿಟಕಿ, ಗಾಜು, ಸೂರ್ಯ, ಇಷ್ಟು ವರ್ಷದ ರಸ್ತೆ, ಹೇಳಬೇಕಾದದ್ದು ಬಹಳ ಇತ್ತು.

"ಹೂಂ ಕಣಮ್ಮಾ. ಇದು ಹಳೇ ಅಬ್ಬು."

ಹಳೆಯದಕ್ಕೆ ಜಾಸ್ತಿ ಊದಬೇಕು ಅಂತ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕೆನ್ನೆ ಉಬ್ಬಿಸಿ ಉಬ್ಬಿಸಿ ಊದಿದಳು. ಊದಲು ಎತ್ತರ ಸಾಲದಾದಾಗ ಅವನ ಮೊಣಕಾಲು ಹಿಡಿದು, ಅಂಗಿಯ ಗುಂಡಿ ಹಿಡಿದು, ಏರಿ ತೊಡೆಯ ಮೇಲೆ ನಿಂತಳು. ನಿಂತು ಸಾಕಾದ ಮೇಲೆ ಕೂತಳು. ಅವನು ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ, ಸ್ಟಿಯರಿಂಗ್ ಹಿಡಿದವನಂತೆ ಗಾಳಿಯಲ್ಲಿ ಹಿಡಿದುಕೊಂಡೇ ಇದ್ದ. ಹೆಂಡತಿ ಬಂದು ಆ ಕೈಗಳನ್ನು ತಂದು ಮಗುವಿನ ಸುತ್ತ ಇಟ್ಟಳು.

ಮರುದಿನದಿಂದ ಚಿಕಿತ್ಸೆಯೆಲ್ಲ ಮಗುವಿನ ಸುಪರ್ದಿಗೆ ಹೋಯಿತು. ಗುಮ್ಮ ಎಲ್ಲಿ ಅಂತ ಅಜ್ಜಿ ಕೆಣಕಿದರೆ, ಗುಮ್ಮ ಇಲ್ಲ, ತಾತಂಗೆ ಅಬ್ಬು ಅಂತ ಗದರುತ್ತಿದ್ದಳು. ಎಡಗೆನ್ನೆಗೆ ತಂಪು ಮುಲಾಮು ಹಚ್ಚುವುದು ಅಜ್ಜಿ, ಊದುವುದು ಇವಳು. ಗುಳ್ಳೆ ಬತ್ತಿ, ಸಿಪ್ಪೆ ಸುಲಿದು, ಒಳಗಿನಿಂದ ಹೊಸ ಚರ್ಮ ಬಂತು. ಡಾಕ್ಟರಮ್ಮ ಹೇಳಿದಂತೆ ಅಲ್ಲೊಂದು ಕಂದು ಕಲೆ ಉಳಿಯಿತು. ಬಲಗಡೆ ಇದ್ದ ಹಾಗೇ ಇತ್ತು. ಎರಡು ಕೆನ್ನೆ ಒಂದಾಗಲಿಲ್ಲ. ಯಾರೂ ಆ ವಿಷಯ ಎತ್ತಲಿಲ್ಲ.

ಮತ್ತೆ ಕೆಲಸಕ್ಕೆ ಹೋಗಬೇಕಾದ ದಿನ ಬೆಳಿಗ್ಗೆ ಡ್ರೈವರಣ್ಣ ಖಾಕಿ ಅಂಗಿ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಿದ್ದ. ಮಗು ಅವನ ತೊಡೆಯ ಮೇಲೆ, ಅವನತ್ತ ಮುಖ ಮಾಡಿ ಕೂತಿದ್ದಳು. ಅವಳ ಅಮ್ಮ ನಾಳೆ ಬರುವವಳಿದ್ದಳು. ಅದು ಮಗುವಿಗೆ ಗೊತ್ತಿದ್ದರೂ ಸದ್ಯಕ್ಕೆ ಅವಳಿಗೆ ಪುರುಸೊತ್ತಿರಲಿಲ್ಲ. ಪಕ್ಕದಲ್ಲಿ ಕೂತ ಅಜ್ಜಿಯ ಕೈಯಲ್ಲಿ ಬಿಸಿಲು ತಡೆಯುವ ಕ್ರೀಮಿನ ಟ್ಯೂಬು. ಅಜ್ಜಿ ಒತ್ತಿ ಕೊಟ್ಟಷ್ಟನ್ನು ಮಗು ಎರಡು ಬೆರಳಿನಲ್ಲಿ ಬಳಿದುಕೊಂಡು ಅವನ ಮುಖಕ್ಕೆ ಎಳೆಯುತ್ತಿದ್ದಳು. ಹಣೆಗೆ ಒಂದು ಗೆರೆ, ಹುಬ್ಬಿಗೆ ಒಂದಿಷ್ಟು, ಮೂಗಿನ ತುದಿಗೆ ಒಂದು ಬೊಟ್ಟು, ಕಿವಿಯೊಳಗೆ ಬೇಡ ಅಂದರೂ ಸ್ವಲ್ಪ. ಅಷ್ಟಕ್ಕೆ ಮನೆಯ ಮುಂದೆ ಬಂದ ಕಂಡಕ್ಟರಮ್ಮ ಈ ದೃಶ್ಯ ನೋಡಿ ಚೀಲ ಕೆಳಗಿಟ್ಟು ಸೊಂಟಕ್ಕೆ ಕೈಕೊಟ್ಟಳು.

"ಅಣ್ಣಾ, ಮೊದಲ ಟ್ರಿಪ್ ಹೊತ್ತಾಯ್ತು. ಸುಣ್ಣ ಹೊಡೆಯೋದು ಮುಗೀತಾ ಇಲ್ವಾ?"

ಕೆಲಸಕ್ಕೆ ಸೇರಿದಾಗಿನಿಂದ ಒಂದು ದಿನವೂ ತಡ ಮಾಡದ ಮನುಷ್ಯ ಕಣ್ಣು ಮುಚ್ಚಿ, ತುಟಿಗೆ ಕ್ರೀಮು ತಾಗದ ಹಾಗೆ ಬಾಯಿ ಓರೆ ಮಾಡಿಕೊಂಡು,

"ಸ್ವಲ್ಪ ತಡಿಯಮ್ಮಾ," ಅಂದ. "ಈ ಕಡೆ ಇನ್ನೂ ಬಾಕಿ ಇದೆ."

ಅಂದು, ಮುಖವನ್ನು ನಿಧಾನವಾಗಿ ತಿರುಗಿಸಿ ಮಗುವಿನ ಮುಂದೆ ಇನ್ನೊಂದು ಕೆನ್ನೆ ಹಿಡಿದ.